ವೇದಾವತಿ ಉಳಿಸಿದ ನೀರು

ವೇದಾವತಿ ಮಧುಗಿರಿ ತಾಲ್ಲೂಕಿನ ಕಲ್ಲು ಕೆಲಸದವನ ಮಗಳು. ಸಿವಿಲ್ ಡಿಪ್ಲೊಮಾ ಮುಗಿಸಿದವಳೇ ಕೊರಟಗೆರೆಯ ಹೊರಗೆ ಏಳುತ್ತಿದ್ದ ಖಾಸಗಿ ಕಾಲೇಜಿನ ಕಟ್ಟಡದಲ್ಲಿ ಕೆಲಸಕ್ಕೆ ಸೇರಿದಳು. ಅದು ಹಸಿರು ಕಟ್ಟಡ. ಗೋಡೆಗೆ ಹಸಿರು ಬಣ್ಣ ಬಳಿಯುತ್ತಾರೆ ಎಂದುಕೊಂಡವರೇ ಊರಲ್ಲಿ ಹೆಚ್ಚು. ಸುಳ್ಳೇಕೆ, ಮೊದಲ ವಾರ ಅವಳೂ ಹಾಗೇ ಅಂದುಕೊಂಡಿದ್ದಳು. ಆಮೇಲೆ ತಿಳಿಯಿತು: ನೀರು ಉಳಿಸಿದರೆ ಇಷ್ಟು ಅಂಕ, ಹತ್ತಿರದ ಕಲ್ಲು ಬಳಸಿದರೆ ಇಷ್ಟು, ದೂಳು ಎಬ್ಬಿಸದೆ ಕಟ್ಟಿದರೆ ಇಷ್ಟು. ಅಂಕಗಳು ಕೂಡಿದರೆ ಪ್ರಮಾಣಪತ್ರ. ಅದಕ್ಕೆ ಬೇಕಾದುದನ್ನೆಲ್ಲ ದಿನಾ ನೋಡಿ ರಿಜಿಸ್ಟರಿನಲ್ಲಿ ಬರೆಯುವುದು ಅವಳ ಕೆಲಸ.

ಹತ್ತಿರದ ಕಲ್ಲು ಬೇಕೆಂದಾಗ ಅಪ್ಪನನ್ನೇ ಕರೆತಂದಳು. ಸಣ್ಣರಂಗಯ್ಯ ಇಪ್ಪತ್ತು ವರ್ಷ ಉಳಿ ಸುತ್ತಿಗೆ ಹಿಡಿದವನು. ಇಲ್ಲಿ ಅವನ ಕೈಗೆ ಕರೆಂಟಿನ ಕಟರ್ ಬಂತು. ನೀರು ಬಿಟ್ಟುಕೊಂಡೇ ಕಲ್ಲು ಕುಯ್ಯಬೇಕು, ಒಣಗಲ್ಲಿನ ದೂಳು ಎದೆಗೆ ಇಳಿದರೆ ಮತ್ತೆ ಹೊರಗೆ ಬಾರದು ಎಂದು ಮಗಳೇ ಹೇಳಿಕೊಟ್ಟಳು.

ಮೂರನೇ ತಿಂಗಳು ನೀರಿನ ಮೀಟರು ಮಿತಿ ದಾಟಿತು. ಎಂಜಿನಿಯರ್ ಗೌರೀಶ್ ಎಲ್ಲರೆದುರು ಅವಳನ್ನು ತರಾಟೆಗೆ ತೆಗೆದುಕೊಂಡರು.

"ಈ ಅಂಕ ಹೋದ್ರೆ ನಿಮ್ ಕೆಲ್ಸಾನೂ ಹೋಯ್ತು ಅಂತ್ಲೇ ತಿಳ್ಕೊಳ್ಳಿ."

ಅಪ್ಪ ಕಲ್ಲು ಕುಯ್ಯುವ ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡದ್ದು ಅವಳಿಗೆ ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಮುಂದಿನ ತಿಂಗಳು ಮೀಟರು ಇಳಿಯಿತು. ಸೋರುವ ಪೈಪು ಬದಲಾಯಿಸಿದ್ದಕ್ಕೇ ಇಳಿದಿದೆ ಎಂದು ವೇದಾವತಿ ಹಿಗ್ಗಿದಳು. ಗೌರೀಶರೂ ಬೆನ್ನು ತಟ್ಟುವ ಮಾತಾಡಿದರು. ಹಿಗ್ಗಿದವರು ಯಾರು ಕಾರಣ ಹುಡುಕುತ್ತಾ ಕೂರುತ್ತಾರೆ?

ಸಿಮೆಂಟಿನವರು, ಮರಳಿನವರು, ಯಾರೇ ಆಗಲಿ, ಅವಳು ಹೋಗಿ ಕಣ್ಣಾರೆ ನೋಡದೆ ರಿಜಿಸ್ಟರಿನಲ್ಲಿ ಗುರುತು ಹಾಕುತ್ತಿರಲಿಲ್ಲ. ಅಪ್ಪನ ಶೆಡ್ಡಿಗೆ ಮಾತ್ರ ಹೋಗುತ್ತಿರಲಿಲ್ಲ. ಸಂಜೆ ಆಫೀಸಿನ ಕಿಟಕಿಯಿಂದಲೇ ಕೂಗುತ್ತಿದ್ದಳು.

"ಅಪ್ಪಾ, ನೀರು ಬಿಟ್ಕೊಂಡೇ ಕುಯ್ದ್ಯಾ?"

"ಬುಟ್ಕೊಂಡೇ ಕಣಮ್ಮ."

ದೂಳಿನ ಕಾಲಂನಲ್ಲಿ ಗುರುತು ಬೀಳುತ್ತಿತ್ತು. ಹದಿನಾಲ್ಕು ತಿಂಗಳು ಹೀಗೇ ನಡೆಯಿತು. ಹೆತ್ತ ಅಪ್ಪನ ಮಾತನ್ನು ಪರೀಕ್ಷೆ ಮಾಡುವುದುಂಟೇ ಎಂಬ ಅವಳ ಮರ್ಯಾದೆಯ ಮೇಲೆ ನನಗೆ ಈಗಲೂ ಸಿಟ್ಟಿದೆ.

ಪ್ರಮಾಣಪತ್ರ ಬಂದ ದಿನ ಲಾಡು ಹಂಚಿದರು. ಆ ವಾರವೇ ಸಣ್ಣರಂಗಯ್ಯ ನಾಲ್ಕು ಮೆಟ್ಟಿಲು ಹತ್ತಲಾರದೆ ಕೂತುಬಿಟ್ಟ. ತಿಂಗಳುಗಟ್ಟಲೆ ಕೆಮ್ಮುತ್ತಿದ್ದವನು ಶೀತ ಎಂದೇ ತಳ್ಳಿಹಾಕಿದ್ದ. ತುಮಕೂರಿನ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು, ಒಣಗಲ್ಲು ಕುಯ್ದಿದ್ದಾರಾ ಎಂದು ಕೇಳಿದರು.

"ಇಲ್ಲ ಸಾರ್. ದಿನಾ ನಾನೇ ಬರೆದಿದ್ದೀನಿ, ಒಂದು ದಿನಾನೂ ತಪ್ಪಿಲ್ಲ" ಎಂದಳು ವೇದಾವತಿ.

ಡಾಕ್ಟರು ಅವನ ಮುಖ ನೋಡಿದರು. ಅವನು ನೆಲ ನೋಡಿದ. ಎರಡೂ ಶ್ವಾಸಕೋಶದಲ್ಲಿ ಕಲ್ಲುದೂಳು ಕೂತಿದೆ, ಇದನ್ನು ತೆಗೆಯುವ ಔಷಧ ಇಲ್ಲ ಎಂದು ಅವರು ಮೆಲ್ಲಗೆ ಹೇಳಿದರು.

ಮಧುಗಿರಿ ಬಸ್ಸಿನಲ್ಲಿ ಕೊರಟಗೆರೆ ದಾಟಿದ ಮೇಲೆ ಅವನೇ ಬಾಯಿ ಬಿಟ್ಟ.

"ಅಷ್ಟು ಜನದ ಮುಂದೆ ನಿನ್ನ ಬೈದ್ಬುಟ್ರಲ್ಲಮ್ಮ. ಅವತ್ತಿಂದ ನಾನು ನಲ್ಲಿ ತಿರುಗಿಸ್ನೇ ಇಲ್ಲ. ಸಂಜೆ ಒಂದು ಚೊಂಬು ನೀರು ಕಲ್ಲಿನ್ ಮ್ಯಾಲೆ ಚಿಮುಕ್ಸಿ ಇಡ್ತಿದ್ದೆ, ನೀನು ನೋಡಕ್ಕೆ ಬಂದ್ರೆ ಇರ್ಲಿ ಅಂತ."

ವೇದಾವತಿ ಒಂದು ದಿನವೂ ಹೋಗಿರಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅಳಬೇಡ ಸುಮ್ಕಿರು. ಎಷ್ಟು ನೀರು ಉಳೀತು, ಅದ ಹೇಳು."

ಆ ಸಂಖ್ಯೆ ಅವಳಿಗೆ ಬಾಯಿಪಾಠವಾಗಿತ್ತು. ವರದಿಯ ಮೊದಲ ಪುಟದಲ್ಲಿ ಅವಳೇ ದಪ್ಪ ಅಕ್ಷರದಲ್ಲಿ ಹಾಕಿಸಿದ್ದಳು.

"ಒಂದು ಲಕ್ಷದ ಎಪ್ಪತ್ತು ಸಾವಿರ ಲೀಟರ್, ಅಪ್ಪ."

ಸಣ್ಣರಂಗಯ್ಯನ ಮುಖ ಅರಳಿತು. ಮಗಳ ತಲೆ ಸವರಿ, ಉಸಿರು ಎಳೆದುಕೊಳ್ಳಲು ನಡುವೆ ಎರಡು ಸಲ ನಿಲ್ಲಿಸಿ ಹೇಳಿದ.

"ಬೋ ಉಳಿಸ್ಬುಟ್ಟಿದ್ದೀಯ ಕಣಮ್ಮ."