ಸಾಬಮ್ಮನ ಸುಣ್ಣದ ಡಬ್ಬಿ

ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲಿನ ಗಣಿಯಲ್ಲಿ ಸಾಬಮ್ಮನದು ಕಿವಿಯ ಕೆಲಸ. ಎಬ್ಬಿಸಿದ ಚಪ್ಪಡಿಯನ್ನು ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಒಳಗೆ ಬಿರುಕಿದ್ದರೆ ಪಕ್ಕಕ್ಕೆ ಸರಿಸಬೇಕು. ಅವಳು ತಟ್ಟಿದ ಕಲ್ಲನ್ನು ಮೇಸ್ತ್ರಿ ಮತ್ತೊಮ್ಮೆ ತಟ್ಟುತ್ತಿರಲಿಲ್ಲ.

ಅವಳಿಗೆ ಮೂತ್ರದಲ್ಲಿ ಕಲ್ಲು ಬೀಳುತ್ತಿದ್ದವು. ಎಲೆಗೆ ಹಚ್ಚಿ ತಿಂದ ಸುಣ್ಣವೇ ಹೊಟ್ಟೆಯಲ್ಲಿ ಕಲ್ಲಾಗಿದೆ ಎಂದು ಓಣಿಯವರೆಲ್ಲ ತೀರ್ಪು ಕೊಟ್ಟರು. ಸಾಬಮ್ಮ ಸುಣ್ಣ ಬಿಟ್ಟಳು, ತಂಬಾಕು ಬಿಡಲಿಲ್ಲ. ಖಾಲಿಯಾದ ಸುಣ್ಣದ ಡಬ್ಬಿಯಲ್ಲಿ ಅದುವರೆಗೆ ಬಿದ್ದ ಏಳು ಕಲ್ಲುಗಳನ್ನು ಕೂಡಿಟ್ಟಳು. ಸುಣ್ಣ ಬಿಟ್ಟ ಮೇಲೂ ನಾಲ್ಕು ಬಿದ್ದವು. ತೀರ್ಪು ಕೊಟ್ಟವರು ಯಾರೂ ಅದರ ಸುದ್ದಿಗೆ ಹೋಗಲಿಲ್ಲ.

೧೯೭೮ರಲ್ಲಿ ದವಡೆಯ ಎಲುಬು ಅಡಿಕೆಯಷ್ಟು ಉಬ್ಬಿತು. ಮೊದಲು ನೋಡಿದ ಡಾಕ್ಟರು ತಂಬಾಕಿನ ಹೆಸರು ಕೇಳಿದ್ದೇ ತಡ, ಕ್ಯಾನ್ಸರ್ ಎಂದರು. ಅರ್ಧ ದವಡೆ ತೆಗೆಯಬೇಕೆಂದರು. ಗಂಡ ಅಂಬಾರಾಯ ಅಳುತ್ತ ಕೂತ. ಸಾಬಮ್ಮನಿಗೆ ಸಾಯುವುದಕ್ಕಿಂತ ಅರ್ಧ ಮುಖ ಹೊತ್ತು ಬದುಕುವುದರ ಭಯವೇ ಹೆಚ್ಚಾಗಿತ್ತು. ಇನ್ನೊಬ್ಬರ ಮಾತೂ ಕೇಳೋಣವೆಂದು ಇಬ್ಬರೂ ವಾಡಿಯಲ್ಲಿ ರೈಲು ಹತ್ತಿ ಹೈದರಾಬಾದಿಗೆ ಹೋದರು.

ಅಲ್ಲಿಯ ಡಾಕ್ಟರು ರಶೀದಾಬೇಗಂ, ಹಿಂದೆ ಬೇರೆ ಬೇನೆ ಏನಾದರೂ ಇತ್ತೇ ಎಂದು ಕೇಳಿದರು. ಸಾಬಮ್ಮ ಸಂಚಿಯಿಂದ ಡಬ್ಬಿ ತೆಗೆದು ಮೇಜಿನ ಮೇಲೆ ಸುರಿದಳು. ಹನ್ನೊಂದು ಕಲ್ಲು. ಡಾಕ್ಟರು ದವಡೆಯ ಮಾತು ಬಿಟ್ಟು ರಕ್ತ ಪರೀಕ್ಷೆಗೆ ಕಳಿಸಿದರು. ಕುತ್ತಿಗೆಯಲ್ಲಿ ಕಾಳಿನಷ್ಟು ಸಣ್ಣ ಗ್ರಂಥಿಗಳು ನಾಲ್ಕಿರುತ್ತವೆ. ಅವುಗಳಲ್ಲೊಂದು ಗಂಟುಕಟ್ಟಿ, ಹದ್ದುಮೀರಿ ದುಡಿದು, ಎಲುಬಿನ ಸುಣ್ಣವನ್ನೆಲ್ಲ ರಕ್ತಕ್ಕೆ ಸುರಿಯುತ್ತಿತ್ತು. ಮೂತ್ರದ ಕಲ್ಲೂ ದವಡೆಯ ಉಬ್ಬೂ ಅದರದೇ ಕಾರುಬಾರು, ಕ್ಯಾನ್ಸರ್ ಅಲ್ಲ. ಗ್ರಂಥಿ ತೆಗೆದರು. ವರ್ಷ ತುಂಬುವುದರೊಳಗೆ ದವಡೆ ಇಳಿಯಿತು.

ಆದರೆ ಈ ಗ್ರಂಥಿ ಕೆಟ್ಟವರಲ್ಲಿ ಕೆಲವರಿಗೆ ಮೈಯಲ್ಲಿ ಬೇರೆ ಕಡೆಯೂ ಗಡ್ಡೆಗಳಾಗುವುದುಂಟು, ನಿನಗೆ ಆಗುತ್ತದೋ ಇಲ್ಲವೋ ಹೇಳಲಾರೆ, ವರ್ಷಕ್ಕೊಮ್ಮೆ ಬಂದು ತೋರಿಸಿಕೊಂಡು ಹೋಗು ಎಂದರು ಡಾಕ್ಟರು. ಅಂಬಾರಾಯ ಸಿಡಿಮಿಡಿಗೊಂಡ. ಗುಣವಾಯಿತೆಂದಾದರೂ ಹೇಳಬೇಕು, ಇಲ್ಲವೆಂದಾದರೂ ಹೇಳಬೇಕು ಎಂಬುದು ಅವನ ವಾದ.

ಸಾಬಮ್ಮ ಅವನನ್ನು ಸುಮ್ಮನಿರಿಸಿದಳು. “ನಾ ಛಲೋ ಅಂದ ಕಲ್ಲು ಮುಂದ ಒಡಿಯಂಗಿಲ್ಲಂತ ಯಾವತ್ತರೆ ಹೇಳೀನೇನು? ಇವತ್ತಿನ ಮಾತಷ್ಟ ಹೇಳ್ತೀನಿ.”

ಮುಂದೆ ತಂಬಾಕು ಬಿಟ್ಟಳು. ಡಬ್ಬಿಗೆ ಮತ್ತೆ ಸುಣ್ಣ ಬಂತು. ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ಹೈದರಾಬಾದಿಗೆ ಹೋಗಿ, ಸ್ಟೂಲಿನ ಮೇಲೆ ಕೂತು ಗದ್ದ ಎತ್ತುತ್ತಿದ್ದಳು.

“ತಟ್ಟಿ ನೋಡ್ರಿ, ಡಾಕ್ಟರಬಾಯಿ.”

ಡಾಕ್ಟರು ನಗುತ್ತಿದ್ದರು. ಸಾಬಮ್ಮ ನಗುತ್ತಿರಲಿಲ್ಲ. ಅವರು ಪರೀಕ್ಷೆ ಮುಗಿಸಿ, ಈ ವರ್ಷ ಏನೂ ಇಲ್ಲ ಎನ್ನುವವರೆಗೆ ಉಸಿರು ಹಿಡಿದೇ ಕೂತಿರುತ್ತಿದ್ದಳು.