ಅರಬಾ ಎಸುಮನ್ ಅವರ ಕೆಂಪು ಗುಂಡುಸೂಜಿಗಳು

ಘಾನಾದ ಕೇಪ್ ಕೋಸ್ಟ್‌ನ ಕೊಟೊಕುರಾಬಾ ಮಾರುಕಟ್ಟೆಯ ಹಿಂದೆ ಶಾಲಾ ಸಮವಸ್ತ್ರ ಹೊಲಿಯುವ ಅರಬಾ ಎಸುಮನ್ ಈ ಪ್ರಸಂಗವನ್ನು, ನಾನು ಧ್ವನಿಮುದ್ರಿಸಲು ಹೋದ ಮೊದಲ ಮೂರು ಭೇಟಿಗಳಲ್ಲಿ ಆರಂಭಿಸಿ ಮೂರರಲ್ಲೂ ನಿಲ್ಲಿಸಿದ್ದರು. ನಾಲ್ಕನೆಯ ಸಲ, ಹೊಲಿಗೆ ಯಂತ್ರದ ಚಕ್ರದ ಮೇಲೆ ಕೈಯಿಟ್ಟು, ತಲೆಯೆತ್ತದೆ ಪೂರ್ತಿ ಹೇಳಿದರು.

ಅವರು ೧೯೭೧ರಲ್ಲಿ ಹುಟ್ಟಿದ್ದು ಲೀಡ್ಸ್‌ನಲ್ಲಿ. ತಂದೆ ಅಲ್ಲಿ ಓದುತ್ತಿದ್ದರು. ಎರಡು ವರ್ಷದ ಕೂಸಾಗಿ ಊರಿಗೆ ಮರಳಿದರೂ ಬ್ರಿಟಿಷ್ ಪಾಸ್‌ಪೋರ್ಟಿನ ಹಕ್ಕು ಉಳಿಯಿತು. ಅವರಿಗಿಂತ ಕೆಲವೇ ತಿಂಗಳು ಮೊದಲು, ಊರಿನಲ್ಲೇ, ದೊಡ್ಡಮ್ಮನಿಗೆ ಹುಟ್ಟಿದ ಎಬೊ ಅವರದು ಘಾನಾದ ಪಾಸ್‌ಪೋರ್ಟ್. ದೊಡ್ಡಮ್ಮ ಬೇಗ ತೀರಿಕೊಂಡರು. ನಾಲ್ಕನೆಯ ವಯಸ್ಸಿನಿಂದ ಎಬೊ ಅವರನ್ನು ಸಾಕಿದವರು ಅರಬಾರ ತಾಯಿ ಎಸಿ. ಇವರ ಫಾಂಟಿ ಜನಾಂಗದ ಮನೆಗಳಲ್ಲಿ ತಾಯಿಯ ಅಕ್ಕತಂಗಿಯರೆಲ್ಲ ತಾಯಂದಿರೇ. ಎಬೊ ಅಣ್ಣನೇ ಹೊರತು ಬೇರೇನೂ ಅಲ್ಲ.

ಭೂಗೋಳದ ಮೇಷ್ಟ್ರಾದ ಎಬೊ, ತಮಗೂ ತಂಗಿಗೂ ವೀಸಾ ಬೇಡದ ದೇಶಗಳಿಗೆಲ್ಲ ಗೋಡೆಯ ನಕಾಶೆಯಲ್ಲಿ ಗುಂಡುಸೂಜಿ ಚುಚ್ಚಿದ್ದರು. ತಂಗಿಯ ಕೆಂಪು ಸೂಜಿಗಳು ಭೂಮಿಯನ್ನೇ ಮುತ್ತಿದ್ದವು. ಎಬೊ ಅವರ ಹಸಿರು ಸೂಜಿಗಳು ಹೆಚ್ಚಾಗಿ ನೆರೆಹೊರೆಯಲ್ಲೇ ಗುಂಪಾಗಿದ್ದವು.

"ಪಕ್ಕದ ದೇಶದ ಲೋಮೆಗೆ ಹೋಗೋಕೆ ನೀನು ವೀಸಾ ಕೇಳ್ಬೇಕು. ನಾನು ಚಪ್ಪಲಿ ಮೆಟ್ಕೊಂಡ್ರೆ ಸಾಕು, ದೊರೆಸಾನಿ," ಎಂದು ರೇಗಿಸುತ್ತಿದ್ದರು.

"ಹೋಗಣ್ಣ, ಲೋಮೇಲಿ ಮೀನು ತಿನ್ಕೊಂಡು ಬಾ. ಲಂಡನ್ನು ನಂಗಿರ್ಲಿ."

೨೦೦೪ರಲ್ಲಿ, ಲಂಡನ್ನಿನಲ್ಲಿ ವೃದ್ಧರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ ಎಸಿ ಹಾಸಿಗೆ ಹಿಡಿದರು. ಉಳಿದದ್ದು ಕೆಲವೇ ವಾರ ಎಂದರು ವೈದ್ಯರು. ವೀಸಾ ಅರ್ಜಿಯಲ್ಲಿ ಎಬೊ, ಮನೆಯಲ್ಲಿ ಹೇಳುವಂತೆಯೇ, ತಾಯಿಯನ್ನು ನೋಡಲು ಎಂದು ಬರೆದರು. ಜನನ ಪತ್ರದಲ್ಲಿ ತಾಯಿಯ ಹೆಸರು ಬೇರೆ ಇತ್ತು. ಬ್ರಿಟಿಷ್ ವೀಸಾ ಅಧಿಕಾರಿ ಅರಬಾಗೆ ಫೋನ್ ಮಾಡಿ, ಇವರು ನಿಮ್ಮ ಒಡಹುಟ್ಟಿದವರೇ ಎಂದು ಕೇಳಿದರು.

"ನನ್ನ ಮಗಳ ಪಾಸ್‌ಪೋರ್ಟ್ ಅರ್ಜೀನೂ ಅವರ ಹತ್ರಾನೇ ಇತ್ತು. ಸುಳ್ಳು ಹೇಳಿದ್ಲು ಅಂತ ಅದನ್ನೂ ತಡೆದುಬಿಟ್ರೆ ಅನ್ನಿಸ್ತು. 'ಅಲ್ಲ, ದೊಡ್ಡಮ್ಮನ ಮಗ' ಅಂದೆ. ಸಾಕಿದ್ದು ನಮ್ಮಮ್ಮನೇ ಅನ್ನೋ ಒಂದು ಮಾತು ಬಾಯಿಂದ ಹೊರಡ್ಲಿಲ್ಲ. ನಿಜಾನೇ ತಾನೆ ಹೇಳಿದ್ದು ಅಂತ ಎಷ್ಟು ವರ್ಷ ಸಮಾಧಾನ ಮಾಡ್ಕೊಂಡೆನೋ."

ಎಬೊಗೆ ವೀಸಾ ಸಿಗಲಿಲ್ಲ. ಮರುವಾರ ಅರಬಾ ಒಬ್ಬರೇ ವಿಮಾನ ಹತ್ತಿದರು. ಲಂಡನ್ನಿನಲ್ಲಿ ಇಳಿದಾಗ ಬ್ರಿಟಿಷ್ ಪಾಸ್‌ಪೋರ್ಟಿನವರ ಸಾಲು ನಾಲ್ಕೇ ನಿಮಿಷದಲ್ಲಿ ಮುಗಿಯಿತೆಂಬುದನ್ನು ಅವರು ಎರಡು ಸಲ ಹೇಳಿದರು.

ಅವರು ಇದನ್ನು ಹೇಳುತ್ತಿರುವಾಗಲೇ ಎಬೊ, ಬಾಳೆಲೆಯಲ್ಲಿ ಸುತ್ತಿದ ಬಿಸಿ ಕೆಂಕಿ, ಅಂದರೆ ಜೋಳದ ಹುಳಿಹಿಟ್ಟಿನ ಕಡುಬು, ಹಿಡಿದು ಹೊಲಿಗೆ ಅಂಗಡಿಯೊಳಗೆ ಬಂದರು. ನಾನು ಧ್ವನಿಮುದ್ರಣ ನಿಲ್ಲಿಸಲು ಹೋದರೆ ಅರಬಾ ಬಿಡಲಿಲ್ಲ.

"ಇರ್ಲಿ. ಅಣ್ಣ, ಆವತ್ತು ಫೋನಲ್ಲಿ ನೀನು ನನ್ನ ಒಡಹುಟ್ಟಿದವನಲ್ಲ ಅಂದೋಳು ನಾನೇ."

ಎಬೊ ಎಲೆ ಬಿಚ್ಚುತ್ತಲೇ ಇದ್ದರು. "ಗೊತ್ತು. ಅರ್ಜಿ ವಾಪಸ್ ಬಂದಾಗ ಪತ್ರದಲ್ಲೇ ಬರೆದಿದ್ರು."

"ಇಪ್ಪತ್ತು ವರ್ಷ ತೋರಿಸ್ಲಿಲ್ಲ?"

"ತೋರ್ಸಿದ್ರೆ ನೀನು ಊಟ ಬಿಡ್ತಿದ್ದೆ. ನಿನ್ನ ಗಂಡ ಬಂದು ನನ್ನ ಬೈತಿದ್ದ." ಆಮೇಲೆ ಕೈ ನಿಲ್ಲಿಸಿ ಕೇಳಿದರು: "ಅಮ್ಮ ನನ್ನ ಕೇಳಿದ್ಲಾ?"

"ದಿನಾ ಕೇಳ್ತಿದ್ಲು. ಪರೀಕ್ಷೆ ನಡೀತಿದೆ, ಶಾಲೇಲಿ ರಜೆ ಕೊಡ್ಲಿಲ್ಲ ಅಂದೆ."

"ನಂಬಿದ್ಲಾ?"

"ನಂಬಿದ್ಲು." ಅರಬಾ ಚಕ್ರವನ್ನು ಅರ್ಧ ಸುತ್ತು ತಿರುಗಿಸಿದರು. "ಕೊನೇ ದಿನ, 'ಅವನಿಗೆ ನನಗಿಂತ ಆ ಪರೀಕ್ಷೇನೇ ಹೆಚ್ಚಾಯ್ತಾ' ಅಂದ್ಲು."

ಇದು ಆ ಪತ್ರದಲ್ಲಿರಲಿಲ್ಲ. ಬಿಚ್ಚಿದ ಎಲೆಯನ್ನು ಹಾಗೆಯೇ ಬಿಟ್ಟು ಎಬೊ ಹೊರಗೆ ನಡೆದರು. ಅವರನ್ನು ಅಣ್ಣ ಎಂದು ಕರೆಯಲು ಅರಬಾ ಅವರಿಗೆ ಬಾಯಿ ಬರಲಿಲ್ಲ.