ರಾಕ್ಷಸನ ಕೋಟೆಯ ಚಕ್ಕುಬಂದಿ

ಬಿಸಿಲಿರಲಿ, ಮಳೆಯಿರಲಿ, ಅವರ ಬಲಗೈ ಕೊಡೆಯ ಹಿಡಿಯನ್ನು ಬಿಡುತ್ತಿರಲಿಲ್ಲ. ಮಡಚಿದ ಕೊಡೆಯನ್ನು ನೆಲಕ್ಕೆ ಊರಿ, ಹಿಡಿಯ ಮೇಲೆ ಅಂಗೈ ಒತ್ತಿ ನಿಲ್ಲುತ್ತಿದ್ದರು. ಕುರ್ಚಿಯಲ್ಲಿ ಕೂತರೂ ಹಾಗೆಯೇ. ನೋಡಿದವರು ಅದನ್ನು ಗತ್ತು ಎಂದುಕೊಳ್ಳುತ್ತಿದ್ದರು, ನಾನೂ ಹಾಗೇ ತಿಳಿದಿದ್ದೆ. ಒತ್ತಿ ಹಿಡಿಯದಿದ್ದರೆ ಆ ಕೈ ನಡುಗುತ್ತದೆ ಎಂದು ಗೊತ್ತಾದದ್ದು ಆಮೇಲೆ. ಸುಳ್ಯ, ಪುತ್ತೂರಿನ ಗುಡ್ಡಗಳಲ್ಲಿ ಮೂವತ್ತು ವರ್ಷ ಸರಪಳಿ ಎಳೆದು, ನಕ್ಷೆಯ ಮೇಲೆ ಕೂದಲೆಳೆಯಷ್ಟು ಸಪೂರದ ಗೆರೆ ಹಾಕಿದ ಕೈ ಅದು. ನಿವೃತ್ತಿಯಾದ ಎರಡನೇ ವರ್ಷ ನಡುಗಲು ಶುರುವಾಯಿತಂತೆ. ಅದನ್ನು ಅವರು ಯಾರಿಗೂ ತೋರಿಸುತ್ತಿರಲಿಲ್ಲ, ಕಟ್ಟಿಕೊಂಡ ಹೆಂಡತಿಗೂ.

ಕಡಬದಲ್ಲಿ ಎಲ್ಲರೂ ಅವರನ್ನು ಸರ್ವೆಯರ್ರು ಎಂದೇ ಕರೆಯುತ್ತಿದ್ದರು. ನನ್ನದು ಅಲ್ಲೇ, ಕಚೇರಿಗಳಿಗೆ ಹೋಗುವ ದಾರಿಯಲ್ಲಿ, ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ. ತವರು ನೆಲ್ಯಾಡಿ, ತವರಿನಲ್ಲಿ ಮಾತು ಮಲಯಾಳ. ಆದರೂ ಕನ್ನಡ ಟೈಪಿಂಗಿನಲ್ಲಿ ಒಂದು ಒತ್ತಕ್ಷರ ಬಿಟ್ಟವಳಲ್ಲ ಎಂಬ ಜಂಬ ನನಗೆ ಆಗಲೂ ಇತ್ತು, ಈಗಲೂ ಇದೆ.

ಒಂದು ದಿನ ಅವರು ಕೈಬರಹದ ಎರಡು ಹಾಳೆ ತಂದು ಮೇಜಿನ ಮೇಲಿಟ್ಟರು. ಮೇಲೆ 'ಸ್ಥಳ ತನಿಖಾ ವರದಿ' ಎಂದು ಗೆರೆ ಎಳೆದು ಬರೆದಿತ್ತು. ಅಕ್ಷರ ಸ್ವಲ್ಪ ಅಲುಗಾಡಿತ್ತು, ನಾನು ಗಮನಿಸಲಿಲ್ಲ. ದಿನಕ್ಕೆ ಇಪ್ಪತ್ತು ಅರ್ಜಿ ಹೊಡೆಯುವವರ ಕಣ್ಣಿಗೆ ಅಕ್ಷರ ಕಾಣುತ್ತದೆ, ಅರ್ಥ ಕಾಣುವುದಿಲ್ಲ. 'ಸದರಿ ಸ್ಥಳಕ್ಕೆ ಖುದ್ದಾಗಿ ಭೇಟಿ ನೀಡಿ ಪರಿಶೀಲಿಸಲಾಗಿ' ಎಂಬಲ್ಲಿಂದ ಸಲೀಸಾಗಿ ಹೊಡೆಯುತ್ತಾ ಹೋದೆ. ಚಕ್ಕುಬಂದಿಗೆ, ಅಂದರೆ ನಾಲ್ಕು ದಿಕ್ಕಿನ ಗಡಿಗೆ, ಬಂದಾಗ ಬೆರಳು ನಿಂತಿತು. 'ಪೂರ್ವಕ್ಕೆ: ಮುರಿದ ಸೇತುವೆ. ಪಶ್ಚಿಮಕ್ಕೆ: ಉರಿಯುವ ಕೆರೆ. ಉತ್ತರಕ್ಕೆ: ಸತ್ತವರು ಓಡಾಡುವ ಗುಡ್ಡ. ದಕ್ಷಿಣಕ್ಕೆ: ಹೋಗಲು ಬಿಡುವುದಿಲ್ಲ.'

ಯಾವ ಗ್ರಾಮ ಸರ್ ಇದು ಎಂದು ಕೇಳಿದೆ.

"ಗ್ರಾಮದ ಹೆಸರು ಅವರು ಕೊಟ್ಟಿಲ್ಲ. ಟಿವಿಗೆ ಹಾಕಿ ಆಡುವ ಗೇಮ್ ಉಂಟಲ್ಲ, ಅದು. ನಿನ್ನೆ ಮುಗಿಸಿದ್ದು" ಎಂದರು, ಪಹಣಿ ಕೇಳಿದವನಿಗೆ ಉತ್ತರ ಕೊಡುವ ಗಾಂಭೀರ್ಯದಲ್ಲಿ. ಹಿಂದೆ ಸಾಲಿನಲ್ಲಿ ನಿಂತಿದ್ದವರು ಹಾಳೆಯ ಕಡೆ ಕತ್ತು ಚಾಚಿದರು. ನಾನು ಉಳಿದದ್ದನ್ನು ಹೊಡೆದೆ. ಕೊನೆಯ ಷರಾ ಇನ್ನೂ ನೆನಪಿದೆ: 'ಇಷ್ಟು ದೊಡ್ಡ ಕೋಟೆಗೆ ಒಂದು ಬಾವಿ ಇರುವುದಿಲ್ಲ. ರಾಕ್ಷಸನು ನೀರಿಗೆ ಎಲ್ಲಿ ಹೋಗುತ್ತಾನೆಂದು ವಿಚಾರಿಸಲಾಗಿ, ಸ್ಥಳದಲ್ಲಿದ್ದವರು ಉತ್ತರಿಸದೆ ಕತ್ತಿ ಎತ್ತಿರುತ್ತಾರೆ.'

ಆ ಯಂತ್ರ ಅವರ ಮನೆಗೆ ಬಂದದ್ದು ಗ್ರೈಂಡರಿನ ದೆಸೆಯಿಂದ. ಅವರ ಹೆಂಡತಿ ಪುತ್ತೂರಿನ ಅಂಗಡಿಯೊಂದರಲ್ಲಿ ಗ್ರೈಂಡರ್ ತೆಗೆದುಕೊಂಡಾಗ ಕೊಟ್ಟ ಕೂಪನ್ನಿಗೆ ಮೂರನೇ ಬಹುಮಾನ ಬಂತು. ಎರಡನೆಯದು ಫ್ರಿಜ್ಜು. ಮೂರನೆಯದು ಈ ಗೇಮಿನ ಪೆಟ್ಟಿಗೆ. ಇದರ ಬದಲು ಒಂದು ಕುಕ್ಕರ್ ಆದರೂ ಕೊಡಿ ಎಂದು ಆಕೆ ಕೇಳಿದರೂ ಅಂಗಡಿಯವರು ಒಪ್ಪಲಿಲ್ಲ. ಅದೇ ಹೊತ್ತಿಗೆ ಡಾಕ್ಟರು ಸರ್ವೆಯರ್ರಿಗೆ ಬೆರಳು ಆಡಿಸುತ್ತಿರಬೇಕು ಎಂದು ಹೇಳಿ, ಹಿಂಡಲು ಒಂದು ರಬ್ಬರ್ ಚೆಂಡು ಬರೆದುಕೊಟ್ಟಿದ್ದರು. ಇವರು ಚೆಂಡು ಬಿಟ್ಟು ಪೆಟ್ಟಿಗೆ ಹಿಡಿದರು. ಯಾಕೆಂದು ಬಹಳ ದಿನಗಳ ಮೇಲೆ ನನ್ನೊಬ್ಬಳಿಗೆ ಹೇಳಿದರು.

"ಚೆಂಡು ಹಿಂಡ್ತಾ ಕೂತರೆ ಎಂತಕ್ಕೆ ಅಂತ ಕೇಳ್ತಾರೆ. ಇದನ್ನು ಹಿಡ್ಕೊಂಡು ಕೂತರೆ ಯಾರೂ ಕೇಳುದಿಲ್ಲ, ಮರುಳು ಅಂತ ಮಾತ್ರ ಹೇಳ್ತಾರೆ."

ಆ ಮೊದಲ ವರದಿಯ ಕೆಳಗೆ ಪಂಚರ, ಅಂದರೆ ಸ್ಥಳ ನೋಡಿದ ಸಾಕ್ಷಿಗಳ, ಸಹಿಗೆ ಜಾಗ ಬಿಡಲು ಹೇಳಿದ್ದರು. ಅಂಗಡಿಗೆ ಬಂದವರು ಸಾಕ್ಷಿಗೆ ಯಾರೂ ಸಿಗದಾಗ "ಅಕ್ಕ, ಒಂದು ಸಹಿ" ಎನ್ನುವುದು, ನಾನು ನೋಡದೆಯೇ ಗೀಚುವುದು ನಡೆದೇ ಇತ್ತು. ಅದೇ ರೂಢಿಯಲ್ಲಿ ಪೆನ್ನು ತೆಗೆದೆ. ಅವರು ಹಾಳೆಯನ್ನು ಎಡಗೈಯಿಂದ ಹಿಂದಕ್ಕೆಳೆದುಕೊಂಡರು. ನೀವು ಸ್ಥಳ ನೋಡಿದ್ದೀರಾ ಎಂದು ಕೇಳಿದರು. ಇಲ್ಲ ಎಂದೆ. ಮತ್ತೆ ಎಂತಕ್ಕೆ ಸಹಿ ಎಂದರು. ಹೋಟೆಲಿನಲ್ಲಿ ಚಾ ಕುಡಿಯುತ್ತಾ ಗುಡ್ಡದ ಮಹಜರಿಗೆ ಸಹಿ ಹಾಕಿದ ಪಂಚರಿಂದ ಎಷ್ಟು ಮನೆ ಮುರಿದಿದೆ ಎಂದು ಅರ್ಧ ಗಂಟೆ ಹೇಳಿದರು, ಸಾಲು ರಸ್ತೆಗೆ ಮುಟ್ಟುವವರೆಗೆ. ಪೀಡೆ ಬಿಡಿಸಿಕೊಳ್ಳಲು, ಭಾನುವಾರ ಬಂದು ನೋಡುತ್ತೇನೆ ಎಂದುಬಿಟ್ಟೆ.

ಹಾಗೆ ನಾನು ಭಾನುವಾರದ ಮಧ್ಯಾಹ್ನಗಳ ಪಂಚಳಾದೆ.

ಅವರು ಆಡುವುದನ್ನು ನೋಡುವುದಕ್ಕೆ ತಾಳ್ಮೆ ಬೇಕು. ಯಾವ ಊರಿಗೆ ಕಾಲಿಟ್ಟರೂ ಮೊದಲು ಗಡಿಯುದ್ದಕ್ಕೂ ಹೆಜ್ಜೆ ಎಣಿಸುತ್ತಾ ಒಂದು ಸುತ್ತು. ಶತ್ರುಗಳು ಬೆನ್ನಿಗೆ ಬಾಣ ಬಿಡುತ್ತಿದ್ದರೂ ಇವರು ಮೂಲೆಕಲ್ಲು ಹುಡುಕುತ್ತಿದ್ದರು. ಕೋಟೆಯ ಪಕ್ಕದ ಬಂಜರು ಯಾರ ಜಮೀನಿಗೆ ಸೇರಿದ ಕುಮ್ಕಿ ಎಂದು ಚಿಂತಿಸುತ್ತಾ ಎರಡು ಸಲ ಸತ್ತದ್ದನ್ನು ನಾನೇ ನೋಡಿದ್ದೇನೆ. ಅನ್ಯರ ಮನೆಗೆ ನುಗ್ಗಿ ಪೆಟ್ಟಿಗೆ ತೆರೆಯಲು ಆಟವೇ ಹೇಳಿದರೂ ತೆರೆಯುತ್ತಿರಲಿಲ್ಲ. ನೋಟೀಸು ಕೊಡದೆ ಒಳಗೆ ಹೋಗುವುದು ಹೇಗೆ ಎನ್ನುತ್ತಿದ್ದರು. ಹೀಗಾಗಿ ಉಳಿದವರು ಚಿನ್ನದ ಕವಚ ತೊಟ್ಟು ಮುಗಿಸುವ ಆಟವನ್ನು ಇವರು ಮೊದಲ ದಿನದ ಹರಕು ಅಂಗಿಯಲ್ಲೇ ಮುಗಿಸುತ್ತಿದ್ದರು. ತಿಂಗಳುಗಟ್ಟಲೆ ಹಿಡಿಯುತ್ತಿತ್ತು, ಆದರೆ ಮುಗಿಸುತ್ತಿದ್ದರು.

ಮುಗಿದ ಆಟದ ಬಗ್ಗೆ ಅವರ ಅಭಿಪ್ರಾಯ ಖಂಡತುಂಡ. ಊರಿಡೀ ಹೊಗಳಿದ ಕೃಷಿಯ ಆಟ ಅವರಿಗೆ ಹಿಡಿಸಲಿಲ್ಲ. 'ಮಂಗ ಇಲ್ಲ, ಹಂದಿ ಇಲ್ಲ, ಕೊಳೆರೋಗ ಇಲ್ಲ. ಇದನ್ನು ಮಾಡಿದವನು ಒಂದು ಬಾಳೆಯನ್ನೂ ನೆಟ್ಟವನಲ್ಲ' ಎಂದು ಷರಾ ಬರೆದರು. ಕಾರಿನ ಆಟದಲ್ಲಿ ರಸ್ತೆಯ ಅಗಲವನ್ನು ಮೆಚ್ಚಿದರು, ತಿರುವಿನಲ್ಲಿ ಹಾರ್ನ್ ಹಾಕದವರ ಬಗ್ಗೆ ಒಂದು ಪುಟ ಬರೆದರು. ಹೆಣಗಳು ಎದ್ದು ಓಡಾಡುವ ಆಟದ ಷರಾ ಮಾತ್ರ ಅವರ ಹೆಂಡತಿಯದು. ಹಲಸಿನ ಹಪ್ಪಳದ ತಟ್ಟೆ ಇಡಲು ಬಂದ ಅವರು ಎರಡು ನಿಮಿಷ ಪರದೆ ನೋಡಿ ಹೇಳಿದರು: "ಬೊಜ್ಜ ಮಾಡದೆ ಬಿಟ್ಟರೆ ಮತ್ತೆಂತ ಆಗುದು?" ಅಷ್ಟೂ ಹೆಣಗಳಿಗೆ ಉತ್ತರಕ್ರಿಯೆ ಆಗಿಲ್ಲವೆಂಬುದನ್ನು ಸರ್ವೆಯರ್ರು ಒಪ್ಪಿ, ವರದಿಯಲ್ಲಿ ಸೇರಿಸಿದರು.

ಗಂಡ ಹೆಂಡತಿ ತಮ್ಮೊಳಗೆ ಅರೆಭಾಷೆ ಮಾತಾಡುತ್ತಿದ್ದರು, ನನ್ನ ಹತ್ತಿರ ಕನ್ನಡ. ಯಾವ ಭಾಷೆಯಲ್ಲೂ ಆ ಕೈಯ ಮಾತು ಬರುತ್ತಿರಲಿಲ್ಲ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕ ಚಾ ತಂದರೆ ಅವರು ಅಲ್ಲಿಡು ಎನ್ನುತ್ತಿದ್ದರು. ಅಕ್ಕ ಒಳಗೆ ಹೋದ ಮೇಲೆ ಎಡಗೈಯಲ್ಲಿ ಎತ್ತಿ ಕುಡಿಯುತ್ತಿದ್ದರು. ಲೋಟ ಎಂದೂ ತುಂಬಿರುತ್ತಿರಲಿಲ್ಲ, ಅರ್ಧವೇ ಇರುತ್ತಿತ್ತು. ಅಕ್ಕನಿಗೆ ಗೊತ್ತಿದೆ ಎಂದು ನನಗೆ ಆಗಲೇ ಅನಿಸಿತು. ಹೇಳಲು ನಾನು ಯಾರು.

ಮೂರನೇ ವರ್ಷ ಒಂದು ಆಟ ತಂದರು. ಬೆಟ್ಟದ ತುದಿಯ ಗೋಪುರ, ಅದರಲ್ಲಿ ಕಬ್ಬಿಣದ ಕವಚದ ಒಬ್ಬ ದೈತ್ಯ. ಅವನ ಪೆಟ್ಟು ತಪ್ಪಿಸಬೇಕಾದರೆ ಬಲಗೈಯ ಹೆಬ್ಬೆರಳು ಸರಿಯಾದ ಕ್ಷಣಕ್ಕೆ ಒತ್ತಬೇಕು. ಅವರ ಹೆಬ್ಬೆರಳು ಒಂದರ ಬದಲು ಮೂರು ಸಲ ಒತ್ತುತ್ತಿತ್ತು. ಆರು ಭಾನುವಾರ ಸೋತರು. ಏಳನೆಯದರಂದು, ಇದೊಂದು ಆಗದಿದ್ದರೆ ಇನ್ನು ಪೆನ್ನನ್ನೂ ಹಿಡಿಯಲಾಗದು ಎಂದರ್ಥ ಎಂದು ನನ್ನ ಕಡೆ ನೋಡದೆ ಹೇಳಿದರು.

ಅಷ್ಟರಲ್ಲಿ ದಾರಿಯ ತಕರಾರು ಹಿಡಿದುಕೊಂಡು ಯಾರೋ ಗೇಟಿಗೆ ಬಂದರು. ಅವರು ಎದ್ದು ಹೋದರು. ನಾನು ಅವರು ಆಡುವ ರಿಮೋಟು ತೆಗೆದುಕೊಂಡು, ಮೆನುವಿಗೆ ಹೋಗಿ, ಆಟದ ಕಷ್ಟವನ್ನು ಎರಡು ಮೆಟ್ಟಿಲು ಇಳಿಸಿ, ಏನೂ ಅರಿಯದವಳಂತೆ ಹಪ್ಪಳ ಮುರಿಯುತ್ತಾ ಕೂತೆ.

ಬಂದು ಕೂತು ಆಡಿದರು. ನಾಲ್ಕೇ ಪೆಟ್ಟಿಗೆ ದೈತ್ಯ ಮಕಾಡೆ ಬಿದ್ದ. ಅವರು ಸಂತೋಷಪಡಲಿಲ್ಲ, ಬಿದ್ದವನನ್ನೇ ನೋಡಿದರು.

"ಇವನಿಗೆ ಎಂತ ಆಯ್ತು? ಹುಷಾರಿಲ್ವಾ?"

ನಿಮ್ಮ ಕೈ ಪಳಗಿದೆ ಸರ್ ಎಂದೆ. ಅಕ್ಕ ಹೆಸರುಬೇಳೆ ಪಾಯಸ ಮಾಡಿದರು. ನಾನು ಪಾಯಸ ಉಂಡು, ಪಂಚಳಾಗಿ ಸಹಿ ಹಾಕಿ, ಪುಣ್ಯ ಕಟ್ಟಿಕೊಂಡ ಭಾವದಲ್ಲಿ ಮನೆಗೆ ಬಂದೆ.

ಬುಧವಾರ ಬೆಳಿಗ್ಗೆ ಅವರು ಅಂಗಡಿ ತೆರೆಯುವ ಮೊದಲೇ ನಿಂತಿದ್ದರು. ಕೈಯಲ್ಲೊಂದು ಮೇಲ್ಮನವಿ, ಅಕ್ಷರಗಳು ಇರುವೆ ಹರಿದ ಹಾಗೆ. ಹೊಡೆದುಕೊಡಿ ಎಂದರು. ಹೊಡೆಯಲು ಕೂತೆ. 'ಒಂದನೇ ಪಂಚರಾದ ಟೈಪಿಂಗ್ ಅಂಗಡಿಯ ಸದರಿ ಮಹಿಳೆಯು, ಅರ್ಜಿದಾರನು ಗೇಟಿನ ಬಳಿ ಹೋಗಿದ್ದ ಸಮಯ ನೋಡಿ, ದುರುದ್ದೇಶವಿಲ್ಲದೆ, ಗಡಿಕಲ್ಲನ್ನು ಸರಿಸಿರುತ್ತಾರೆ.' ನನ್ನ ಮೇಲಿನ ದೂರನ್ನು ನಾನೇ, ಒಂದು ಒತ್ತಕ್ಷರ ಬಿಡದೆ, ಹೊಡೆಯುತ್ತಿದ್ದೆ. 'ದುರುದ್ದೇಶವಿಲ್ಲದೆ' ಎಂಬ ಪದ ಮುಗಿಯುವಾಗ ಕಣ್ಣು ಮಂಜಾಗಿ ಪರದೆ ಕಾಣಲಿಲ್ಲ.

ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅಳತೆ ಸುಲಭದಲ್ಲಿ ಸರಿ ಬಂದರೆ ಮೊದಲು ಸರಪಳಿಯನ್ನೇ ಅಳೆಯಬೇಕು ಎಂದರು. ನೀವು ಗೆಲ್ಲಲಿ ಎಂದು ಮಾಡಿದ್ದು ಎಂದೆ.

"ಗೆಲ್ಲುದು ಯಾರಿಗೆ ಬೇಕು ಮಾರಾಯ್ತಿ. ಈ ಕೈಯಲ್ಲಿ ಇನ್ನು ಎಷ್ಟು ಉಳಿದಿದೆ ಅಂತ ನಾನು ಅಳೀತಾ ಇದ್ದೆ. ನೀವು ಅದರ ಮೇಲೆ ಮಣ್ಣು ಹಾಕಿದ್ರಿ."

ಮರು ಅಳತೆಗೆ ತಮಗೆ ತಾವೇ ಆದೇಶ ಹೊರಡಿಸಿಕೊಂಡರು. ಅಂದರೆ ಆಟ ಮೊದಲಿನಿಂದ. ನನ್ನನ್ನು ಪಂಚಿಕೆಯಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ, ತೆಗೆಯಲಿಲ್ಲ. ಒಮ್ಮೆ ಕಳ್ಳತನ ಮಾಡಿ ಸಿಕ್ಕಿಬಿದ್ದ ಪಂಚ ಎರಡನೇ ಸಲ ಕಣ್ಣು ಬಿಟ್ಟು ನೋಡುತ್ತಾನೆ ಎಂಬುದು ಅವರ ಲೆಕ್ಕ. ಮಳೆಗಾಲ ಪೂರ್ತಿ ಬೆಟ್ಟ ಹತ್ತಿದರು. ದಿನಕ್ಕೆ ಎರಡು ಗಂಟೆ ಆಡುತ್ತಿದ್ದವರು ಅರ್ಧ ಗಂಟೆಗೆ ಬಂದರು. ರಿಮೋಟು ಎರಡು ಸಲ ಕೈಯಿಂದ ಜಾರಿ ಬಿತ್ತು, ಎರಡೂ ಸಲ ನಾನು ಕಿಟಕಿಯ ಕಡೆ ನೋಡಿದೆ. ಸೋಣ ತಿಂಗಳು ಮುಗಿಯುವ ಹೊತ್ತಿಗೆ ಗೋಪುರ ತಲುಪಿ, ದೈತ್ಯನ ಎದುರು ನಾಲ್ಕು ಭಾನುವಾರ ನಿಂತರು. ನಾಲ್ಕನೆಯ ಭಾನುವಾರ ಹೆಬ್ಬೆರಳು ಒತ್ತಲೇ ಇಲ್ಲ, ಸುಮ್ಮನೆ ನಡುಗಿತು. ದೈತ್ಯ ಹೊಡೆದ. ಇವರು ರಿಮೋಟನ್ನು ಟೀಪಾಯಿಯ ಮೇಲೆ ಮೆಲ್ಲಗೆ ಇಟ್ಟು, ಬರೆದುಕೊಳ್ಳಿ ಎಂದರು.

ಅವರು ನನಗೆ ಉಕ್ತಲೇಖನ ಕೊಟ್ಟದ್ದು ಅದೊಂದೇ ಸಲ. ಅಕ್ಕ ಬಾಗಿಲಲ್ಲಿ ನಿಂತಿದ್ದರು. ಅವರಿಗೂ ಕೇಳಲಿ ಎಂಬಂತೆ ಗಟ್ಟಿಯಾಗಿಯೇ ಹೇಳಿದರು.

"ಸದರಿ ಆಟವು ಪೂರ್ಣಗೊಂಡಿರುವುದಿಲ್ಲ. ಆಟದಲ್ಲಿ ದೋಷವಿರುವುದಿಲ್ಲ, ದೈತ್ಯನ ಮೇಲೆ ದೂರಿರುವುದಿಲ್ಲ. ಸರ್ವೆಯರನ ಬಲಗೈ ನಡುಗುತ್ತಿದ್ದು, ಇನ್ನು ಅಳತೆಗೆ ತಕ್ಕುದಲ್ಲವೆಂದು ಖುದ್ದಾಗಿ ಪರಿಶೀಲಿಸಿ ಖಚಿತಪಡಿಸಿಕೊಂಡಿರುತ್ತೇನೆ. ಕಡತ ಮುಕ್ತಾಯ."

ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ನಡುಗುವ ಕೈಯಲ್ಲೇ ಸಹಿ ಹಾಕಿದರು, ಬಹಳ ಹೊತ್ತು ಹಿಡಿಯಿತು. ಆಮೇಲೆ ನನಗೆ ಕೊಟ್ಟರು. ಒಂದು ತಪ್ಪಾದರೂ ಸಿಗಲಿ, ಸಹಿ ತಪ್ಪಿಸಿಕೊಳ್ಳೋಣ ಎಂದು ಎರಡು ಸಲ ಓದಿದೆ. ಸಿಗಲಿಲ್ಲ. ಸಹಿ ಹಾಕಿದೆ. ಅಕ್ಕ ಒಳಗೆ ಹೋಗಿ ಚಾ ತಂದರು. ಆ ದಿನ ಲೋಟ ಅಂಚಿನವರೆಗೆ ತುಂಬಿತ್ತು. ಅಕ್ಕ ಅವರ ಪಕ್ಕದಲ್ಲೇ ಕೂತು, ಗಂಡನ ಬಲಗೈಯ ಸುತ್ತ ತಮ್ಮ ಕೈ ಹಿಡಿದು ಕುಡಿಸಿದರು. ಅರ್ಧ ಬನಿಯನ್ನಿಗೆ ಚೆಲ್ಲಿತು. ಮೂರು ವರ್ಷದಿಂದ ಅರೆಹೊಟ್ಟೆ ಚಾ ಕುಡಿಸಿದ್ದೀ ಎಂದು ಅವರು ಬೈದರು. ಕೇಳಿದ್ದರೆ ಕೊಡುತ್ತಿದ್ದೆ ಎಂದು ಅಕ್ಕ ಹೇಳಿದರು. ಇಬ್ಬರೂ ನಕ್ಕರು. ನಾನು ಚಪ್ಪಲಿ ಹಾಕಿಕೊಂಡು ಬಂದೆ.

ಸರ್ವೆಯರ್ರು ಆಮೇಲೆ ಒಂದೂವರೆ ವರ್ಷ ಇದ್ದರು. ಸಂತೆಗೆ ಹೋಗುವಾಗ ಅಕ್ಕ ಆ ಕೈ ಹಿಡಿದುಕೊಂಡೇ ನಡೆಯುತ್ತಿದ್ದರು, ಕೇಳಿದವರಿಗೆಲ್ಲ ಅವರು ತಮ್ಮ ಕೈ ನಡುಗುವ ವಿಷಯವನ್ನು ವಿವರವಾಗಿ, ಷರಾ ಸಮೇತ ಹೇಳುತ್ತಿದ್ದರು. ಜ್ವರ ಬಂದು ಒಂದೇ ವಾರದಲ್ಲಿ ಹೋದರು. ಅವರ ವರದಿಗಳೆಲ್ಲ ನನ್ನ ಕಂಪ್ಯೂಟರಿನಲ್ಲಿವೆ, ಒಂದನ್ನೂ ಅಳಿಸಿಲ್ಲ.

ಈಚೆಗೆ ಒಬ್ಬರು ಬಂದು, ನಮ್ಮ ಅಜ್ಜಿ ಪಾಲು ಬಿಟ್ಟುಕೊಟ್ಟಿದ್ದಾರೆ, ಹೆಬ್ಬೆಟ್ಟು ಆಗಿದೆ, ಸಾಕ್ಷಿಗೆ ಒಂದು ಸಹಿ ಹಾಕಿ ಅಕ್ಕ ಎಂದರು. ಅಜ್ಜಿ ಎಲ್ಲಿದ್ದಾರೆ ಎಂದು ಕೇಳಿದೆ. ಮನೆಯಲ್ಲಿ, ಅಷ್ಟು ದೂರ ಯಾಕೆ ಎಂದರು. ನಾನು ಅಂಗಡಿಗೆ ಬೀಗ ಹಾಕಿ, ನಡೆಯಿರಿ, ಅಜ್ಜಿಯನ್ನೇ ಕೇಳಿ ಬರೋಣ ಎಂದು ಅವರ ಜೀಪು ಹತ್ತಿದೆ.